ಗುಲ್ಮ ಬೆಳೆದ ಮಳೆಗಾಲ

ಈ ಸಲದ ಆಟಿ ಅಮಾವಾಸ್ಯೆಯ ಬೆಳಿಗ್ಗೆ ಮೂಡುಬಿದಿರೆಯ ನಮ್ಮ ಶಾಲೆಯ ಸ್ಟಾಫ್ ರೂಮಿಗೆ ಕಾಲಿಟ್ಟಾಗ ಓಮ ಮತ್ತು ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬಂತು. ಅದರ ಅಡಿಯಲ್ಲಿ ಹಸಿ ತೊಗಟೆಯ ಕಹಿ ವಾಸನೆ. ವಿಜ್ಞಾನದ ಶಾಂತಾ ಟೀಚರ್ ಮನೆಯಿಂದ ಫ್ಲಾಸ್ಕಿನಲ್ಲಿ ಪಾಲೆ ಮರದ ಕಷಾಯ ತಂದು ಸ್ಟೀಲ್ ಲೋಟದಲ್ಲಿ ಎಲ್ಲರಿಗೂ ಎರಡೆರಡು ಗುಟುಕು ಹಂಚುತ್ತಿದ್ದರು.

"ಬನ್ನಿ ಸುಮಾ ಟೀಚರ್, ಮೂಗು ಮುಚ್ಚಿ ಕುಡಿದುಬಿಡಿ. ವರ್ಷಕ್ಕೊಮ್ಮೆ ಅಲ್ವಾ?"

"ನಾನು ತಿಂಡಿ ತಿಂದಾಗಿದೆ ಟೀಚರ್" ಎಂದೆ. ಕಷಾಯವನ್ನು ಖಾಲಿ ಹೊಟ್ಟೆಯಲ್ಲಿ ಕುಡಿಯಬೇಕು, ಹಾಗಾಗಿ ಅವರು ಒತ್ತಾಯ ಮಾಡಲಿಲ್ಲ. ನಾನು ತಿಂಡಿ ತಿಂದಿರಲಿಲ್ಲ. ಹಾಜರಿ ಪುಸ್ತಕ ಹಿಡಿದುಕೊಂಡು ಜಗಲಿಗೆ ಬಂದು, ಬೆಲ್ ಆಗುವವರೆಗೆ ಅಲ್ಲೇ ನಿಂತೆ.

ನಾನು ಏಳನೇ ತರಗತಿಯಿಂದ ಡೈರಿ ಬರೆಯುವವಳು. ಮನಸ್ಸಿನ ಮಾತನ್ನೆಲ್ಲ ಬರೆಯುವ ಅಭ್ಯಾಸ ಇಲ್ಲ. ತಾರೀಕು, ಮಳೆ, ಬಸ್ಸು ಎಷ್ಟು ತಡ, ಮನೆಗೆ ಯಾರು ಬಂದರು ಇಷ್ಟೇ. ಎರಡು ವರ್ಷದ ಹಿಂದಿನ ಆಟಿ ಅಮಾವಾಸ್ಯೆಯ ಪುಟದಲ್ಲಿ ಹೀಗಿದೆ: "ಮಳೆ ಜೋರು. ಮಾವ ತೊಗಟೆ ತಂದರು. ಎಲ್ಲರೂ ಕಷಾಯ ಕುಡಿದೆವು. ಮಧ್ಯಾಹ್ನದಿಂದ ಅಪ್ಪನಿಗೆ ವಾಂತಿ." ಆ ಮಳೆಗಾಲ ಮುಗಿಯುವ ಮೊದಲೇ ಅಪ್ಪ ತೀರಿಹೋದರು. ಅವರು ಕಷಾಯದಿಂದ ಸತ್ತರು ಎಂದು ನಮ್ಮ ಊರಿನಲ್ಲಿ ಅರ್ಧ ಜನ ಈಗಲೂ ನಂಬಿದ್ದಾರೆ.

ಅಪ್ಪ ಬಸ್ ಡ್ರೈವರ್. ವೇಣೂರಿನಿಂದ ಮೂಡುಬಿದಿರೆ ಮಾರ್ಗವಾಗಿ ಮಂಗಳೂರಿಗೆ ಹೋಗುವ ಖಾಸಗಿ ಬಸ್ಸು, ದಿನಕ್ಕೆ ಮೂರು ಟ್ರಿಪ್ಪು. ಮುಂದಿನ ಬಸ್ಸಿಗೂ ಹಿಂದಿನ ಬಸ್ಸಿಗೂ ನಡುವೆ ಏಳೆಂಟು ನಿಮಿಷದ ಜಾಗ ಇಟ್ಟುಕೊಂಡು ಓಡಿಸುವ ಲೈನ್ ಅದು. ಒಂದು ಸ್ಟಾಪಿನಲ್ಲಿ ಯಾರೋ ಅಜ್ಜಿ ಇಳಿಯುವುದು ತಡವಾದರೂ ಹಿಂದಿನವನು ಹಾರ್ನ್ ಹೊಡೆಯಲು ಶುರು ಮಾಡುತ್ತಾನೆ. ನಾನು ಆಗ ಮೂಡುಬಿದಿರೆಯಲ್ಲಿ ಬಿ.ಎಡ್. ಕಲಿಯುತ್ತಿದ್ದೆ, ಬೆಳಗಿನ ಟ್ರಿಪ್ಪಿಗೆ ಅಪ್ಪನ ಬಸ್ಸಿನಲ್ಲೇ ಹೋಗುತ್ತಿದ್ದೆ. ಕಂಡಕ್ಟರ್ ಹಮೀದ್ ಅಪ್ಪನ ಜೊತೆ ಹನ್ನೆರಡು ವರ್ಷ ದುಡಿದವರು.

ಆ ವರ್ಷದ ಮಾರ್ಚಿನಲ್ಲಿ ಅಪ್ಪನ ಖಾಕಿ ಅಂಗಿ ಹೊಟ್ಟೆಯ ಬಳಿ ಬಿಗಿಯಾಯಿತು. ಅಮ್ಮ ಮನೆಯಲ್ಲೇ ರವಿಕೆ ಹೊಲಿಯುವವಳು. ಅಂಗಿಯನ್ನು ಮಿಷನಿನ ಮೇಲೆ ಹರಡಿ ಸ್ವಲ್ಪ ಹೊತ್ತು ನೋಡಿ, "ಹೊಟ್ಟೆಯ ಹತ್ತಿರ ಬಿಚ್ಚಿ ಅಗಲ ಮಾಡ್ಬೇಕು, ಭುಜದ ಹತ್ತಿರ ಒಳಗೆ ಹಿಡೀಬೇಕು. ಇದು ಎಂತ ದಪ್ಪ ಆಗುವುದು ಮಾರಾಯ್ರೆ?" ಎಂದಳು. ಅಪ್ಪನ ಕೈಕಾಲು ಸಪೂರವಾಗುತ್ತಿತ್ತು, ಹೊಟ್ಟೆ ಮಾತ್ರ ಎಡಗಡೆಯಿಂದ ಉಬ್ಬುತ್ತಿತ್ತು. ಊಟಕ್ಕೆ ಕೂತರೆ ನಾಲ್ಕು ತುತ್ತಿಗೆ ಸಾಕು ಎನ್ನುತ್ತಿದ್ದರು. ರಾತ್ರಿ ಬೆವರಿ ಬನಿಯನ್ ಬದಲಿಸುತ್ತಿದ್ದರು.

ಬಸ್ ಸ್ಟ್ಯಾಂಡಿನಲ್ಲಿ ಇದು ತಮಾಷೆಯ ವಿಷಯ.

"ವಿಶ್ವಣ್ಣ, ಎಷ್ಟು ತಿಂಗಳು?" ಎಂದು ಹಮೀದ್ ಎಲ್ಲರ ಎದುರು ಕೇಳುತ್ತಿದ್ದರು.

"ಒಂಬತ್ತು ಆಗಿದೆ. ಪರ್ಮಿಟ್ ಸಿಕ್ಕಿಲ್ಲ."

"ಗಂಡಾದ್ರೆ ಡ್ರೈವರ್, ಹೆಣ್ಣಾದ್ರೆ ಕಂಡಕ್ಟರ್. ನನ್ನ ಕೆಲಸ ಹೋಗ್ತದೆ."

ಅಪ್ಪ ಸೀಟನ್ನು ಒಂದು ಮೆಟ್ಟು ಹಿಂದಕ್ಕೆ ಸರಿಸಿದರು. ಏಪ್ರಿಲಿನಲ್ಲಿ ಇನ್ನೊಂದು ಮೆಟ್ಟು. ಸ್ಟೇರಿಂಗ್ ತಾಗದ ಹಾಗೆ ಹೊಟ್ಟೆಗೆ ಅಮ್ಮನ ಹಳೆಯ ನೂಲಿನ ಸೀರೆಯನ್ನು ಮಡಚಿ ಇಟ್ಟುಕೊಳ್ಳುತ್ತಿದ್ದರು.

ಮೊದಲು ಬೆಳ್ತಂಗಡಿಯಲ್ಲಿ ತೋರಿಸಿದೆವು. ಡಾಕ್ಟರು ಅಪ್ಪನನ್ನು ಮಲಗಿಸಿ, ಎಡಗಡೆಯ ಪಕ್ಕೆಲುಬಿನ ಕೆಳಗೆ ಬೆರಳು ಊರಿ, ಆ ಬೆರಳನ್ನು ಹೊಕ್ಕುಳಿನವರೆಗೆ ಸರಿಸುತ್ತ ಬಂದು, "ಇದು ಕೊಬ್ಬಲ್ಲ, ಗುಲ್ಮ" ಎಂದರು. ಗುಲ್ಮ ಎಂದರೆ ಹೊಟ್ಟೆಯ ಎಡಗಡೆ, ಪಕ್ಕೆಲುಬಿನ ಮರೆಯಲ್ಲಿ ಮುಷ್ಟಿಯಷ್ಟು ಇರಬೇಕಾದ ಅಂಗ ಎಂದು ನನಗೆ ಪಿಯುಸಿಯ ಪುಸ್ತಕದಿಂದ ಗೊತ್ತಿತ್ತು. ಅಪ್ಪನದು ಹೊಕ್ಕುಳು ದಾಟಿತ್ತು. ಅಪ್ಪ ಹುಡುಗನಾಗಿ ಮಂಗಳೂರಿನಲ್ಲಿ ಕ್ಲೀನರ್ ಆಗಿದ್ದಾಗ ಎರಡು ಸಲ ಮಲೇರಿಯಾ ಬಂದಿತ್ತು. ಗುಲ್ಮ ಊದುವುದು ಮಲೇರಿಯಾದಿಂದ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಸಂಗತಿ. ಮನೆಯಲ್ಲಿ ಅದೇ ತೀರ್ಮಾನವಾಯಿತು.

ಮೇ ತಿಂಗಳಲ್ಲಿ ಮಂಗಳೂರಿನ ಆಸ್ಪತ್ರೆಯಲ್ಲಿ ಸೊಂಟದ ಎಲುಬಿಗೆ ಸೂಜಿ ಹಾಕಿ ಪರೀಕ್ಷೆ ಮಾಡಿದರು. ರಕ್ತದ ಕಾಯಿಲೆಗಳನ್ನು ನೋಡುವ ಡಾಕ್ಟರಮ್ಮ ನಿಧಾನವಾಗಿ, ನಮ್ಮ ಮುಖ ನೋಡುತ್ತ ಹೇಳಿದರು.

"ರಕ್ತ ತಯಾರಾಗುವುದು ಎಲುಬಿನೊಳಗಿನ ಮಜ್ಜೆಯಲ್ಲಿ. ನಿಮ್ಮ ಮಜ್ಜೆಯಲ್ಲಿ ನಾರು ತುಂಬಿ ಗಟ್ಟಿಯಾಗ್ತಾ ಉಂಟು. ಅಲ್ಲಿ ಆಗದ ಕೆಲಸವನ್ನು ಗುಲ್ಮ ಮಾಡ್ಲಿಕ್ಕೆ ಹೊರಟಿದೆ. ಹಾಗಾಗಿ ಅದು ದೊಡ್ಡದಾಗ್ತಾ ಹೋಗ್ತದೆ."

"ಓವರ್‌ಟೈಮ್" ಎಂದರು ಅಪ್ಪ.

"ಹೌದು, ಓವರ್‌ಟೈಮ್."

"ಹಾಗಾದ್ರೆ ಮಲೇರಿಯಾದ್ದು ಅಲ್ವಾ ಡಾಕ್ಟ್ರೆ?" ಎಂದು ಅಮ್ಮ ಕೇಳಿದಳು.

"ಅಲ್ಲ."

ಆ 'ಅಲ್ಲ' ನಮ್ಮ ಮನೆಯವರೆಗೆ ಬರಲಿಲ್ಲ. ದಾರಿಯಲ್ಲಿಯೇ ಅಮ್ಮ ತನ್ನ ಅಣ್ಣನಿಗೆ, ಅಂದರೆ ಪೊಳಲಿಯ ಸಂಜೀವ ಮಾವನಿಗೆ, ಫೋನ್ ಮಾಡಿ, "ಹಳೆಯ ಮಲೇರಿಯಾ ಒಳಗೆ ಕೂತು ಹೀಗೆ ಮಾಡಿದೆಯಂತೆ" ಎಂದಳು. ನಾನು ಪಕ್ಕದ ಸೀಟಿನಲ್ಲಿದ್ದೆ. ತಿದ್ದಲು ಬಾಯಿ ತೆರೆದೆ, ಅಪ್ಪ ನನ್ನ ಮೊಣಕೈ ಮುಟ್ಟಿ ಬೇಡವೆಂದರು. ಮಲೇರಿಯಾ ಎಂದರೆ ವಾಸಿಯಾಗುವ ಕಾಯಿಲೆ. ಅಮ್ಮನಿಗೆ ಅದನ್ನೇ ಬಿಟ್ಟುಕೊಟ್ಟರು.

ಡಾಕ್ಟರಮ್ಮ ಮಾತ್ರೆ ಕೊಟ್ಟರು. ಪ್ರತಿ ಸಲ ಹೋದಾಗಲೂ ಅಪ್ಪನ ಹೊಟ್ಟೆಯ ಮೇಲೆ ಬಾಲ್ ಪೆನ್ನಿನಲ್ಲಿ ಗುಲ್ಮದ ಅಂಚಿಗೆ ಗೆರೆ ಎಳೆಯುತ್ತಿದ್ದರು. ಸ್ನಾನ ಮಾಡುವಾಗ ಆ ಗೆರೆ ಅಳಿಸಬಾರದೆಂದು ಅಪ್ಪ ಅಲ್ಲಿಗೆ ಸೋಪು ಹಾಕುತ್ತಿರಲಿಲ್ಲ. ಹೊಸ ಗೆರೆ ಯಾವಾಗಲೂ ಹಳೆಯದರ ಕೆಳಗೇ ಬೀಳುತ್ತಿತ್ತು.

ಜೂನಿನಲ್ಲಿ ಮಳೆ ಹಿಡಿಯಿತು. ಶಾಲೆ ಶುರುವಾಗಿ ಎರಡನೇ ವಾರ, ಬೆಳಗಿನ ಟ್ರಿಪ್ಪಿನಲ್ಲಿ, ಮೂಡುಬಿದಿರೆ ದಾಟಿದ ಮೇಲೆ, ತೋಡಾರು ಹತ್ತಿರ ಒಂದು ದನ ರಸ್ತೆಗೆ ಇಳಿಯಿತು. ಆ ದಿನ ನಮಗೆ ಮಂಗಳೂರಿನಲ್ಲಿ ತರಬೇತಿ ಇತ್ತು, ಹಾಗಾಗಿ ನಾನು ಬಸ್ಸಿನಲ್ಲೇ ಇದ್ದೆ. ದನ ದೂರದಲ್ಲೇ ಕಂಡಿತ್ತು, ಬ್ರೇಕ್ ಬೀಳುವುದು ತಡವಾಯಿತು. ಬಸ್ಸು ಓಲಾಡಿ ನಿಂತಿತು. ದನ ರಸ್ತೆ ದಾಟಿ ಆಚೆಗೆ ಹೋಯಿತು. ಎದುರಿನ ಸೀಟಿನ ಹೆಂಗಸೊಬ್ಬರ ಬುತ್ತಿ ಕೆಳಗೆ ಬಿದ್ದು ಅನ್ನ ಚೆಲ್ಲಿತು. ಅಪ್ಪ ಇಂಜಿನ್ ಆಫ್ ಮಾಡಿ ಸುಮ್ಮನೆ ಕೂತರು. ಹಿಂದಿನ ಬಸ್ಸು ಬಂದು ಹಾರ್ನ್ ಹೊಡೆಯಿತು, ದಾಟಿಹೋಯಿತು. ಹಮೀದ್ ಮುಂದೆ ಬಂದರು.

"ಎಂತ ಆಯ್ತು ವಿಶ್ವಣ್ಣ?"

"ಕಾಲು ಸಿಗ್ಲಿಲ್ಲ" ಎಂದರು ಅಪ್ಪ. ಅಷ್ಟು ಹಿಂದಕ್ಕೆ ಸರಿಸಿದ ಸೀಟಿನಿಂದ ಬ್ರೇಕಿಗೆ ಪಾದದ ತುದಿ ಮಾತ್ರ ಮುಟ್ಟುತ್ತಿತ್ತು. ಆ ಟ್ರಿಪ್ಪನ್ನು ಮಂಗಳೂರಿಗೆ ಮುಟ್ಟಿಸಿ, ಕೀಲಿಕೈಯನ್ನು ಹಮೀದರ ಕೈಯಲ್ಲಿ ಇಟ್ಟು, ಪ್ರಯಾಣಿಕನಾಗಿ ವಾಪಸ್ ಬಂದರು. ತರಬೇತಿ ಬಿಟ್ಟು ನಾನೂ ಜೊತೆಗೆ ಬಂದೆ. ಇಪ್ಪತ್ತೆಂಟು ವರ್ಷ ಓಡಿಸಿದ ಮೇಲೆ ಅಪ್ಪ ಕಿಟಕಿಯ ಬದಿಯಲ್ಲಿ ಕೂತದ್ದನ್ನು ನಾನು ಮೊದಲ ಸಲ ನೋಡಿದೆ.

ಬಳಿಕ ಅವರು ಮನೆಯಲ್ಲೇ ಇದ್ದರು. ನಮ್ಮ ಮನೆಯ ಜಗಲಿಯಿಂದ ರಸ್ತೆ ಕಾಣುವುದಿಲ್ಲ, ಕೇಳುತ್ತದೆ. ಬಸ್ಸು ಏರಿನಲ್ಲಿ ಬರುವಾಗ ಅಪ್ಪ ಪತ್ರಿಕೆ ಕೆಳಗಿಟ್ಟು ಕಿವಿ ಕೊಡುತ್ತಿದ್ದರು. "ಪ್ರಶಾಂತ ಸೆಕೆಂಡಿಗೆ ಹಾಕ್ಲೇ ಇಲ್ಲ ನೋಡು. ಥರ್ಡಿನಲ್ಲೇ ಎಳೀತಾನೆ. ಇಂಜಿನ್ ಅವನ ಅಪ್ಪಂದಾ?" ಪ್ರಶಾಂತ ಹೊಸ ಡ್ರೈವರ್. ಅವನು ನಮ್ಮ ಮನೆಯ ತಿರುವಿನಲ್ಲಿ ಎರಡು ಸಲ ಹಾರ್ನ್ ಹೊಡೆದು ಹೋಗುತ್ತಿದ್ದ. ಮೊದಮೊದಲು ಅಪ್ಪನಿಗೆ ಅದು ಸಿಟ್ಟು ಬರಿಸುತ್ತಿತ್ತು. ಒಂದು ದಿನ ಅವನು ಮರೆತಾಗ, "ಇವತ್ತು ಎಂತ ಆಯ್ತು ಇವನಿಗೆ?" ಎಂದು ಸಂಜೆಯವರೆಗೆ ಕೇಳಿದರು.

ಆಟಿ ತಿಂಗಳು ಬಂತು. ಪೇಟೆಯವರಿಗೆ ಆಷಾಢ, ನಮಗೆ ಆಟಿ. ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಗಂಡಸರು ಹೋಗಿ, ಕತ್ತಿ ಮುಟ್ಟಿಸದೆ, ಕಲ್ಲಿನಿಂದ ಜಜ್ಜಿ ಪಾಲೆ ಮರದ ತೊಗಟೆ ತರಬೇಕು. ಅದರ ರಸಕ್ಕೆ ಓಮ, ಬೆಳ್ಳುಳ್ಳಿ ಹಾಕಿ, ಕೆಂಪಗೆ ಕಾಯಿಸಿದ ಬೆಣಚುಕಲ್ಲನ್ನು ಅದ್ದಿ ಕುಡಿದರೆ ವರ್ಷದ ಕಾಯಿಲೆಗಳೆಲ್ಲ ಹೋಗುತ್ತವೆ ಎಂಬುದು ನಂಬಿಕೆ. ಕುಡಿದ ಮೇಲೆ ಮೈ ಉಷ್ಣವಾಗುತ್ತದೆ, ತಂಪಿಗೆ ಮೆಂತ್ಯೆ ಗಂಜಿ ಉಣ್ಣಬೇಕು. ಇದರಲ್ಲಿ ಒಂದು ಅಪಾಯ ಉಂಟು. ಕತ್ತಲಲ್ಲಿ ಪಾಲೆಯೆಂದು ಕಾಸರಕನ ಮರದ ತೊಗಟೆ ತಂದರೆ ಅದು ವಿಷ. ಅದಕ್ಕಾಗಿ ಹಿಂದಿನ ಸಂಜೆಯೇ ಹೋಗಿ ಸರಿಯಾದ ಮರಕ್ಕೆ ನೂಲು ಕಟ್ಟಿ ಬರುವುದು ಕ್ರಮ.

ಆ ಬೆಳಿಗ್ಗೆ ಸಂಜೀವ ಮಾವ ಪೊಳಲಿಯಿಂದ ಬೈಕಿನಲ್ಲಿ, ಮಳೆಕೋಟಿನೊಳಗೆ ತೊಗಟೆಯ ಕಟ್ಟು ಇಟ್ಟುಕೊಂಡು ಬಂದರು. ಒಂದು ತಂಬಿಗೆಯಷ್ಟು ಕಷಾಯವನ್ನು ತಾವೇ ಮಾಡಿದರು.

"ಹಿಂದೆ ಬತ್ತಲೆಯಾಗಿ ಹೋಗಿ ತೆಗೀಬೇಕಿತ್ತಂತೆ ಭಾವ" ಎಂದು ಅಪ್ಪನಿಗೆ ಹೇಳಿದರು. "ಈಗ ಹಾಗೆ ಹೋದ್ರೆ ಪಕ್ಕದ ಮನೆಯ ಸಿಸಿ ಕ್ಯಾಮೆರಾದಲ್ಲಿ ಬರ್ತೇನೆ."

"ನಿನ್ನನ್ನು ನೋಡಿದ್ರೆ ಅವರೇ ಕ್ಯಾಮೆರಾ ತೆಗೀತಾರೆ."

ಅಮ್ಮ ಒಮ್ಮೆ ಅನುಮಾನಿಸಿದಳು. "ಅಣ್ಣಾ, ಡಾಕ್ಟ್ರಲ್ಲಿ ಕೇಳ್ಬೇಕಿತ್ತೇನೋ."

"ಎಂತ ಕೇಳುವುದು? ಮಲೇರಿಯಾದ ಗುಲ್ಮ ಇಳಿಯುವುದೇ ಪಾಲೆಯಿಂದ. ನಮ್ಮ ಅಜ್ಜನಿಗೆ ಇಳಿದಿತ್ತು."

ಎಲ್ಲರೂ ಎರಡೆರಡು ಗುಟುಕು ಕುಡಿದೆವು. ಮಾವ ತಾವೂ ಕುಡಿದರು. ಅಪ್ಪ ಮಾತ್ರ ಒಂದು ಲೋಟ ತುಂಬಾ ಕೇಳಿ ಕುಡಿದರು. ಮುಖ ಸಿಂಡರಿಸಲಿಲ್ಲ. ಕಾಯಿಲೆಯ ಹೆಸರು ಅಪ್ಪನಿಗೆ ಸರಿಯಾಗಿ ಗೊತ್ತಿತ್ತು, ಮಜ್ಜೆಯ ನಾರಿಗೆ ತೊಗಟೆಯಲ್ಲಿ ಮದ್ದಿಲ್ಲ ಎಂಬುದೂ ಗೊತ್ತಿತ್ತು. ಆದರೂ ಲೋಟದ ತಳದಲ್ಲಿ ಉಳಿದದ್ದನ್ನು ನೀರು ಹಾಕಿ ತೊಳೆದು ಕುಡಿದರು. ಅದನ್ನು ನಾನು ನೋಡಿದೆ.

ಮಧ್ಯಾಹ್ನ ಹೊಟ್ಟೆಯಲ್ಲಿ ಕಿವುಚಿದ ಹಾಗೆ ನೋವು ಬಂತು, ನಂತರ ವಾಂತಿ. ಯಾರಿಗೂ ಗಾಬರಿಯಾಗಲಿಲ್ಲ. ಕಷಾಯದ ಉಷ್ಣ, ಅದೂ ಒಂದು ಲೋಟ. ಅಮ್ಮ ಎಳನೀರು ಕೊಟ್ಟಳು, ಮಜ್ಜಿಗೆ ಕೊಟ್ಟಳು, ಸಂಜೆ ಮತ್ತೊಮ್ಮೆ ಮೆಂತ್ಯೆ ಗಂಜಿ ಕೊಟ್ಟಳು. ಎಲ್ಲವೂ ಹೊರಗೆ ಬಂತು. ನೋವು ಅಲೆ ಅಲೆಯಾಗಿ ಬಂದು ಹೋಗುತ್ತಿತ್ತು. ಬಂದಾಗ ಅಪ್ಪ ಜಗಲಿಯ ಕಂಬ ಹಿಡಿದು ಬಾಗುತ್ತಿದ್ದರು, ಹೋದಾಗ "ಈಗ ಅಡ್ಡಿಲ್ಲ" ಎನ್ನುತ್ತಿದ್ದರು.

ಮರುದಿನ ಬೆಳಿಗ್ಗೆ ವಾಂತಿ ಹಸಿರಾಗಿತ್ತು. ನೆರೆಮನೆಯ ಗಿರಿಜಕ್ಕ ರವಿಕೆ ತೆಗೆದುಕೊಂಡು ಹೋಗಲು ಬಂದವರು ಬಾಗಿಲಲ್ಲೇ ನಿಂತು ನೋಡಿದರು.

"ಕಾಸರಕನ ತೊಗಟೆ ಸಿಕ್ಕಿರ್ಬೇಕು ಮಾರಾಯ್ತಿ. ನಿನ್ನ ಅಣ್ಣ ನೂಲು ಕಟ್ಟಿದ್ದಾರಾ?"

ಅಮ್ಮ ಮಾವನಿಗೆ ಫೋನ್ ಮಾಡಿದಳು. ಅವಳ ಸ್ವರ ನನಗೆ ಗುರುತು ಸಿಗಲಿಲ್ಲ. "ಅಣ್ಣಾ, ನೀನು ನೂಲು ಕಟ್ಟಿದ್ದೆಯಾ ಇಲ್ವಾ?"

"ನನ್ನದೇ ಹಿತ್ತಿಲಿನ ಮರಕ್ಕೆ ಎಂತ ನೂಲು?" ಎಂಬುದು ಫೋನಿನ ಹೊರಗೆ ಕೇಳಿಸಿತು. "ನಾನೂ ಕುಡಿದಿದ್ದೇನಲ್ಲ, ನೀನೂ ಕುಡಿದಿದ್ದೀಯಲ್ಲ!"

"ನಾವು ಎರಡು ಗುಟುಕು. ಅವರು ಒಂದು ಲೋಟ" ಎಂದು ಅಮ್ಮ ಫೋನ್ ಇಟ್ಟಳು.

ಇಡೀ ಬೆಳಿಗ್ಗೆ ಆ ನೂಲಿನ ಮಾತಿನಲ್ಲೇ ಕಳೆಯಿತು. ವಿಷ ಇಳಿಯಲಿ ಎಂದು ಅಮ್ಮ ಮತ್ತೆ ಮಜ್ಜಿಗೆ ಕುಡಿಸಿದಳು. ಹೊಟ್ಟೆ ಎಡಗಡೆ ಮಾತ್ರವಲ್ಲ, ಈಗ ಪೂರ್ತಿ ಉಬ್ಬಿ ತಮಟೆಯ ಹಾಗೆ ಬಿಗಿದಿತ್ತು. ಒಳಗಿನಿಂದ ಬರುತ್ತಿದ್ದ ಗುಳುಗುಳು ಶಬ್ದ ಅಡುಗೆಮನೆಯವರೆಗೆ ಕೇಳುತ್ತಿತ್ತು.

ಮಧ್ಯಾಹ್ನದ ಟ್ರಿಪ್ಪಿನಲ್ಲಿ ಹಮೀದ್ ತಿರುವಿನಲ್ಲಿ ಬಸ್ಸು ನಿಲ್ಲಿಸಿ, ಮೋಸಂಬಿಯ ಚೀಲ ಹಿಡಿದು ಓಡಿ ಬಂದರು. ಎರಡು ನಿಮಿಷದಲ್ಲಿ ಹಿಂತಿರುಗಬೇಕಿತ್ತು. ಅಪ್ಪ ಅವರನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಹೇಳಿದರು. ಹೆಂಡತಿ ಮಗಳ ಎದುರು ಹೇಳಲಾಗದ್ದು ಅದು. ಹಮೀದ್ ಗುಟ್ಟು ಉಳಿಸಲಿಲ್ಲ.

"ಎರಡು ದಿನದಿಂದ ಗಾಳಿಯೂ ಹೋಗ್ಲಿಲ್ವಾ? ಒಂದು ಸಲವೂ?" ಅವರು ಮೋಸಂಬಿಯ ಚೀಲ ಕೆಳಗಿಟ್ಟರು. "ಅಕ್ಕಾ, ಇದು ಕಷಾಯ ಅಲ್ಲ. ನನ್ನ ಬಾಪನಿಗೆ ಕರುಳು ಕಟ್ಟಿದಾಗ ಹೀಗೇ ಆದದ್ದು. ಈಗ ಹೋಗುವ. ಎದ್ದೇಳಿ ವಿಶ್ವಣ್ಣ."

ಆಂಬುಲೆನ್ಸಿಗೆ ಫೋನ್ ಮಾಡಿದೆ. ಬೆಳ್ತಂಗಡಿ ಕಡೆಗೆ ಹೋಗಿದೆ, ಕಾಯಬೇಕು ಎಂದರು. ಹಮೀದ್ ಕಾಯಲಿಲ್ಲ. ಅವರೂ ಪ್ರಶಾಂತನೂ ಅಪ್ಪನನ್ನು ಎತ್ತಿ ಬಸ್ಸಿನ ಹಿಂದಿನ ಉದ್ದ ಸೀಟಿನಲ್ಲಿ ಮಲಗಿಸಿದರು. ಹಮೀದ್ ಪ್ರಯಾಣಿಕರ ಎದುರು ನಿಂತು ಹೇಳಿದರು: "ನಮ್ಮ ವಿಶ್ವಣ್ಣನಿಗೆ ಹುಷಾರಿಲ್ಲ. ಮೂಡುಬಿದಿರೆ ಬಿಟ್ರೆ ಮಂಗಳೂರು, ನಡುವೆ ಎಲ್ಲೂ ನಿಲ್ಲಿಸುವುದಿಲ್ಲ. ಇಳಿಯುವವರು ಈಗ್ಲೇ ಇಳೀಬಹುದು." ಯಾರೂ ಇಳಿಯಲಿಲ್ಲ. ತೋಡಾರಿನ ಸ್ಟಾಪಿನಲ್ಲಿ ಕೊಡೆ ಹಿಡಿದು ಕೈ ಅಡ್ಡ ಹಾಕಿದವರನ್ನು ದಾಟಿ ಬಸ್ಸು ಓಡಿತು. ಅಮ್ಮ ಅಪ್ಪನ ತಲೆಯನ್ನು ತೊಡೆಯಲ್ಲಿ ಇಟ್ಟುಕೊಂಡಿದ್ದಳು. ಏರು ಬಂದಾಗ ಅಪ್ಪ ಕಣ್ಣು ತೆರೆಯದೆ, "ಸೆಕೆಂಡಿಗೆ ಹಾಕ್ಲಿಕ್ಕೆ ಹೇಳು ಅವನಿಗೆ" ಎಂದರು. ಹಮೀದ್ ಕೂಗಿ ಹೇಳಿದರು. ಪ್ರಶಾಂತ ಹಾಕಿದ.

ಆಸ್ಪತ್ರೆಯಲ್ಲಿ ಅಪ್ಪನನ್ನು ನಿಲ್ಲಿಸಿ ಎಕ್ಸ್-ರೇ ತೆಗೆದರು, ಸ್ಕ್ಯಾನ್ ಮಾಡಿದರು. ಡಾಕ್ಟರಮ್ಮ ಪರದೆಯಲ್ಲಿ ತೋರಿಸಿದರು. ಗುಲ್ಮ ಎಡಗಡೆಯನ್ನೆಲ್ಲ ತುಂಬಿ ಕಿಬ್ಬೊಟ್ಟೆಯವರೆಗೆ ಇಳಿದಿತ್ತು. ಕರುಳಿನ ಸುರುಳಿಗಳೆಲ್ಲ ಬಲಗಡೆಗೆ ದೂಡಲ್ಪಟ್ಟು ಅಲ್ಲಿ ಉಬ್ಬಿ ಕೂತಿದ್ದವು. ಒಂದು ಕಡೆ ಕರುಳು ಗುಲ್ಮಕ್ಕೂ ಬೆನ್ನಿನ ಎಲುಬಿಗೂ ನಡುವೆ ಸಿಕ್ಕಿ ಚಪ್ಪಟೆಯಾಗಿತ್ತು.

"ಗುಲ್ಮ ದೊಡ್ಡದಾದವರನ್ನು ತುಂಬಾ ನೋಡಿದ್ದೇನೆ. ಅದು ಕರುಳಿನ ದಾರಿಯನ್ನೇ ಮುಚ್ಚಿದ್ದನ್ನು ನೋಡುವುದು ಬಹಳ ಅಪರೂಪ" ಎಂದರು.

ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸಿದರು. ಅದರ ಇನ್ನೊಂದು ತುದಿಗೆ ಕಟ್ಟಿದ ಚೀಲಕ್ಕೆ ಹಸಿರು ನೀರು ಇಳಿಯತೊಡಗಿತು. ಬಾಯಿಗೆ ಏನೂ ಇಲ್ಲ, ಡ್ರಿಪ್ ಮಾತ್ರ.

ಮರುದಿನ ಸಂಜೀವ ಮಾವ ಬಂದರು. ಕೈಯಲ್ಲಿ ಒಂದು ಮರದ ಗೆಲ್ಲು, ಮಳೆನೀರು ಸುರಿಯುತ್ತಿತ್ತು. ಕಾವಲುಗಾರ ಅದನ್ನು ಹೊರಗಿಡಲು ಹೇಳಿದರೂ ಬಿಡದೆ ವಾರ್ಡಿನ ಬಾಗಿಲಿನವರೆಗೆ ತಂದಿದ್ದರು. ಅಮ್ಮನ ಎದುರು ಹಿಡಿದರು.

"ನೋಡು. ಒಂದೇ ಕಡೆಯಿಂದ ಏಳು ಎಲೆ. ಪಾಲೆಯೇ. ಕಾಸರಕನಿಗೆ ಹೀಗೆ ಇರುವುದಿಲ್ಲ. ಎಣಿಸು ನೀನು."

ಅಮ್ಮ ಎಣಿಸಲಿಲ್ಲ. ನಾನು ಎಣಿಸಿದೆ, ಏಳು ಇತ್ತು. "ಇದೇ ಮರದಿಂದ ತೆಗೆದದ್ದು ಅಂತ ಯಾರು ನೋಡಿದ್ದಾರೆ?" ಎಂದು ಅಮ್ಮ ಗೋಡೆಗೆ ತಿರುಗಿದಳು.

ನಾನು ಮಾವನನ್ನು ಡಾಕ್ಟರಮ್ಮನ ಬಳಿಗೆ ಕರೆದುಕೊಂಡು ಹೋದೆ. ಅವರು ಗೆಲ್ಲನ್ನು ನೋಡಿ, ಮಾವನನ್ನು ಕೂರಿಸಿ, ಕಷಾಯಕ್ಕೂ ಇದಕ್ಕೂ ಸಂಬಂಧವಿಲ್ಲ, ಕುಡಿಯದಿದ್ದರೂ ಇದೇ ಆಗುತ್ತಿತ್ತು ಎಂದರು.

"ಆದ್ರೆ ಕಷಾಯದ ಉಷ್ಣ ಅಂತ ಒಂದು ದಿನ ಸುಮ್ಮನೆ ಕೂತೆವಲ್ಲ ಡಾಕ್ಟ್ರೆ" ಎಂದರು ಮಾವ.

"ಒಂದು ದಿನ ಮೊದಲು ಬಂದಿದ್ರೆ ಒಂದು ದಿನ ಮೊದಲು ಕೊಳವೆ ಹಾಕ್ತಿದ್ದೆವು. ಅಷ್ಟೇ."

ಸಮಾಧಾನಕ್ಕೆಂದು ಹೇಳಿದ ಮಾತು. ಮಾವ ತಲೆಯಾಡಿಸಿದರು. ಒಂದು ದಿನ ಮೊದಲು ಬಂದಿದ್ದರೂ ಬೇರೇನೂ ಮಾಡಲು ಇರಲಿಲ್ಲ ಎಂಬುದು ಆ ಮಾತಿನೊಳಗೇ ಇತ್ತು. ನನಗೆ ಅದು ಮನೆಗೆ ಹೋಗಿ ಬರೆಯುವಾಗ ತಿಳಿಯಿತು.

ನಾಲ್ಕನೇ ದಿನ ಮಧ್ಯಾಹ್ನ ಅಪ್ಪನಿಗೆ ಗಾಳಿ ಹೋಯಿತು. ನರ್ಸ್ ಕೇಳಿದಾಗ ಅಪ್ಪ, "ಹಾರ್ನ್ ಆಯ್ತು ಸಿಸ್ಟರ್" ಎಂದರು. ಪಕ್ಕದ ಮಂಚದವರೂ ನಕ್ಕರು. ಹಮೀದ್ ಫೋನಿನಲ್ಲಿ ಇಡೀ ಬಸ್ ಸ್ಟ್ಯಾಂಡಿಗೆ ಕೇಳುವ ಹಾಗೆ ಕೂಗಿದರಂತೆ. ಕೊಳವೆ ತೆಗೆದರು, ಗಂಜಿ ತಿಳಿ ಕೊಟ್ಟರು, ಅದು ಹೊಟ್ಟೆಯಲ್ಲಿ ನಿಂತಿತು. ಆ ಮಳೆಗಾಲದಲ್ಲಿ ನಾವು ನಂಬಿದ ದಿನ ಅದೊಂದೇ.

ಗುಲ್ಮವನ್ನು ಕುಗ್ಗಿಸಲು ಆಗಸ್ಟಿನಲ್ಲಿ ವಿಕಿರಣ ಕೊಟ್ಟರು. ಪೆನ್ನಿನ ಗೆರೆ ಒಂದು ಬೆರಳಿನಷ್ಟು ಮೇಲಕ್ಕೆ ಹೋಯಿತು. ಅದರ ಜೊತೆಗೇ ರಕ್ತದ ಕಣಗಳೂ ಕುಸಿದವು. ಅಪ್ಪ ಹಲ್ಲುಜ್ಜಿದರೆ ರಕ್ತ ಬರುತ್ತಿತ್ತು, ಮೊಣಕಾಲು ಮಂಚಕ್ಕೆ ತಾಗಿದರೆ ನೀಲಿಯಾಗುತ್ತಿತ್ತು. ವಾರಕ್ಕೊಮ್ಮೆ ಮಂಗಳೂರಿಗೆ ಹೋಗಿ ರಕ್ತ ಹಾಕಿಸಿಕೊಂಡು ಬರುವುದು. ಲೈನಿನ ಡ್ರೈವರುಗಳು, ಕಂಡಕ್ಟರುಗಳು ಸರದಿಯಲ್ಲಿ ರಕ್ತ ಕೊಟ್ಟರು. ಹಾರ್ನ್ ಹೊಡೆದು ದಾಟಿಹೋಗುತ್ತಿದ್ದ ಹಿಂದಿನ ಬಸ್ಸಿನವನೂ ಬಂದು ಕೊಟ್ಟ.

ಆ ತಿಂಗಳ ಕೊನೆಗೆ ಪೊಳಲಿಯಿಂದ ಸುದ್ದಿ ಬಂತು. ಮಾವ ಹಿತ್ತಿಲಿನ ಪಾಲೆ ಮರವನ್ನು ಕಡಿದು ಹಾಕಿದ್ದರು. ಪಾಲೆ ಮರ ಕಡಿಯಲು ಆಳುಗಳು ಒಪ್ಪದ್ದರಿಂದ, ಗರಗಸ ಬಾಡಿಗೆಗೆ ತಂದು ತಾವೇ ಕಡಿದರಂತೆ. ಅಪ್ಪ ಕೇಳಿ, "ಛೆ, ಮರ ಎಂತ ಮಾಡಿತ್ತು?" ಎಂದರು. ಅಮ್ಮ ಮಿಷನಿನಿಂದ ತಲೆ ಎತ್ತದೆ, "ಒಳ್ಳೆಯದಾಯ್ತು" ಎಂದಳು. ಮಾವ ತಪ್ಪು ಒಪ್ಪಿಕೊಂಡ ಹಾಗಾಯಿತು. ಅಲ್ಲಿಂದ ಮುಂದೆ ಡಾಕ್ಟರಮ್ಮನ ಮಾತನ್ನು ನಾನು ಯಾರಿಗೆ ಹೇಳಿದರೂ ಪ್ರಯೋಜನವಾಗಲಿಲ್ಲ.

ಚೌತಿಯ ದಿನ ಅಪ್ಪ ಅರ್ಧ ಕಡುಬು ತಿಂದರು. ಮರುದಿನ ಬೆಳಿಗ್ಗೆ ನೋವಿನ ಮೊದಲ ಅಲೆ ಬಂದಾಗಲೇ ಎದ್ದು, ತಾವೇ ಅಂಗಿ ಹಾಕಿಕೊಂಡು, "ಹೋಗುವ" ಎಂದರು.

ಆಸ್ಪತ್ರೆಯಲ್ಲಿ ಮತ್ತೆ ಮೂಗಿಗೆ ಕೊಳವೆ ಇಳಿಸಿ ಚೀಲ ಕಟ್ಟಿದರು, ಬಾಯಿಗೆ ಏನೂ ಇಲ್ಲ. ಈ ಸಲ ಶಸ್ತ್ರಚಿಕಿತ್ಸೆಯ ಡಾಕ್ಟರೂ ಬಂದರು. ಅಪ್ಪ ಅವರಿಗೆ ಮಾತಾಡಲು ಬಿಡಲಿಲ್ಲ. "ತೆಗೀರಿ ಸಾರ್ ಅದನ್ನು. ಹೋದ್ರೆ ಹೋಗ್ತೇನೆ. ಹೀಗೆ ಅರ್ಧ ದಾರಿಯಲ್ಲಿ ನಿಲ್ಲಿಸ್ಬೇಡಿ."

"ತೆಗೀಬೇಕಾದ್ರೆ ನಿಮ್ಮ ರಕ್ತ ಹೆಪ್ಪುಗಟ್ಟಬೇಕು. ಅದಕ್ಕೆ ಬೇಕಾದ ಪ್ಲೇಟ್‌ಲೆಟ್ ನಿಮ್ಮಲ್ಲಿಲ್ಲ. ಹೊರಗಿಂದ ಕೊಟ್ರೆ ಅದನ್ನೂ ಆ ಗುಲ್ಮವೇ ಹಿಡಿದಿಟ್ಟುಕೊಳ್ತದೆ."

ಅಪ್ಪ ಸ್ವಲ್ಪ ಯೋಚಿಸಿದರು. "ಕಳ್ಳನನ್ನು ಹಿಡೀಲಿಕ್ಕೆ ಪೊಲೀಸರನ್ನು ಕಳಿಸಿದ್ರೆ ಅವನು ಪೊಲೀಸರನ್ನೂ ಕೂಡಿಹಾಕ್ತಾನೆ."

"ಹಾಗೆಯೇ" ಎಂದರು ಡಾಕ್ಟರು. ನಗಲಿಲ್ಲ.

ಆದರೂ ಶುಕ್ರವಾರ ಮಾಡುವುದೆಂದು ನಿಶ್ಚಯವಾಯಿತು. ಗುಲ್ಮದ ರಕ್ತನಾಳ ಕಟ್ಟಿದ ಕ್ಷಣದಿಂದ ಪ್ಲೇಟ್‌ಲೆಟ್ ಏರಿಸುತ್ತ ಹೋಗುವುದು, ಬದುಕಿದರೆ ಅದೃಷ್ಟ. ಹಮೀದ್ ರಕ್ತ ಕೊಡುವವರ ಹೆಸರು ಹಿಡಿದು ಬೆಳಿಗ್ಗೆಯಿಂದ ಓಡಾಡಿದರು. ಗುರುವಾರ ಜ್ವರ ಬಂತು, ಚಳಿ ನಡುಕ, ಬಿ.ಪಿ. ಇಳಿಯಿತು. ಅರಿವಳಿಕೆ ಕೊಡುವ ಡಾಕ್ಟರು ಬಂದು ನೋಡಿ, ಹೊರಗೆ ಹೋಗಿ ಬಹಳ ಹೊತ್ತು ಮಾತಾಡಿದರು. ಒಳಗೆ ಬಂದ ನರ್ಸ್ ನಾಡಿದ್ದು ನೋಡುವ ಎಂದರು. ಶನಿವಾರವೂ ಹಾಗೇ ಹೋಯಿತು. ಆ ಐದು ದಿನ ಅಪ್ಪ ಕೇಳಿದ್ದು ನೀರು ಮಾತ್ರ. ಅಮ್ಮ ಹತ್ತಿಯನ್ನು ಒದ್ದೆ ಮಾಡಿ ತುಟಿಗೆ ಒತ್ತುತ್ತಿದ್ದಳು, ಅಪ್ಪ ಆ ಹತ್ತಿಯನ್ನು ಹಲ್ಲಿನಲ್ಲಿ ಹಿಡಿದುಕೊಳ್ಳುತ್ತಿದ್ದರು.

ಭಾನುವಾರ ಮಧ್ಯಾಹ್ನ ಮಳೆ ಬಿಟ್ಟಿತ್ತು. ಡಾಕ್ಟರಮ್ಮ ರಜೆಯ ದಿನವೂ ಬಂದರು. ಅಪ್ಪನ ನಾಡಿ ಹಿಡಿದರು, ಹೊಟ್ಟೆ ಮುಟ್ಟಲಿಲ್ಲ. ಅಮ್ಮನಿಗೆ ಹೇಳಿದರು:

"ಇನ್ನು ನೀರು ಕೊಡಬಹುದು ಅಮ್ಮ. ಗಂಜಿ ತಿಳಿ ಕೇಳಿದ್ರೂ ಕೊಡಿ. ಏನು ಆಸೆ ಉಂಟೋ ಅದು, ಸ್ವಲ್ಪ ಸ್ವಲ್ಪ."

ನರ್ಸ್ ಮಂಚದ ತಲೆಯ ಮೇಲಿದ್ದ 'ಬಾಯಿಗೆ ಏನೂ ಕೊಡಬಾರದು' ಎಂಬ ಚೀಟಿಯನ್ನು ಕಿತ್ತು ಜೇಬಿನಲ್ಲಿಟ್ಟುಕೊಂಡರು. ಅಮ್ಮ ಎರಡೂ ಕೈ ಮುಗಿದಳು. ವಾರ್ಡಿನ ಹೊರಗೆ ಹೋಗಿ ಒಬ್ಬೊಬ್ಬರಿಗೆ ಫೋನ್ ಮಾಡಿದಳು. "ನೀರು ಕೊಡ್ಲಿಕ್ಕೆ ಹೇಳಿದ್ದಾರೆ! ಗಂಜಿಯೂ ಕೊಡಬಹುದಂತೆ. ಇನ್ನು ಭಯ ಇಲ್ಲ." ಅವಳು ಮಾವನಿಗೂ ಮಾಡಿದಳು, ಒಂದೂವರೆ ತಿಂಗಳ ನಂತರ ಮೊದಲ ಸಲ. ನಾನು ಕೇಳುತ್ತ ನಿಂತಿದ್ದೆ.

ಅವಳು ಕ್ಯಾಂಟೀನಿಗೆ ಗಂಜಿ ತರಲು ಹೋದಾಗ ಅಪ್ಪ ಕಣ್ಣು ತೆರೆದರು.

"ಯಾಕೆ ಕೊಡ್ತಿದ್ದಾರೆ ಮಗಾ?"

"ಗೊತ್ತಿಲ್ಲ ಅಪ್ಪ."

ಅವರು ನನ್ನನ್ನೇ ನೋಡಿದರು. "ಅಮ್ಮನಿಗೆ ಹೇಳ್ಬೇಡ. ಉಣ್ಣಿಸ್ಲಿ."

ಅಮ್ಮ ಸ್ಟೀಲ್ ಲೋಟದಲ್ಲಿ ಗಂಜಿ ತಿಳಿ ತಂದು, ಉಪ್ಪು ಹಾಕಿ ಕದಡಿ, ಚಮಚದಲ್ಲಿ ಆರಿಸಿ ಆರಿಸಿ ಕೊಟ್ಟಳು. ಅಪ್ಪ ಒಂದನ್ನೂ ಬೇಡವೆನ್ನದೆ ನುಂಗಿದರು. ಪ್ರತಿ ಗುಟುಕಿಗೂ ಗಂಟಲು ಏರಿ ಇಳಿಯುತ್ತಿತ್ತು. ಕೊಳವೆ ಮೂಗಿನಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ ಅದರಲ್ಲಿ ಬಿಳಿಯ ಗೆರೆಯೊಂದು ಮೂಗಿನಿಂದ ಕೆಳಕ್ಕೆ ಇಳಿಯಿತು, ಮಂಚದ ಪಕ್ಕದಲ್ಲಿ ತೂಗುತ್ತಿದ್ದ ಚೀಲದಲ್ಲಿ ಹಸಿರಿನ ಮೇಲೆ ಗಂಜಿ ಬಂದು ನಿಲ್ಲತೊಡಗಿತು. ಅಮ್ಮ ಅಪ್ಪನ ಮುಖವನ್ನು ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ನಾನು ಕಾಲಿನ ಕಡೆಯಿಂದ ಸುತ್ತಿ ಬಂದು ಚೀಲದ ಮೇಲೆ ಟವೆಲ್ ಹಾಕಿದೆ.

"ನೋಡು ಸುಮಾ" ಎಂದು ಅಮ್ಮ ಖಾಲಿ ಲೋಟವನ್ನು ನನ್ನ ಕಡೆ ಓರೆ ಮಾಡಿದಳು. "ಪೂರ್ತಿ ಉಂಡ್ರು."